ಇಂಕಾ ಹಾದಿಯಲ್ಲಿ ಮಚು ಪಿಚುವಿಗೆ: ನಾಲ್ಕು ದಿನಗಳ ಚಾರಣಕ್ಕೆ ಸಿದ್ಧತೆ

ಪೆರು ದೇಶದ ಆಂಡಿಸ್ ಪರ್ವತಗಳಲ್ಲಿ, ಪಾಳುಬಿದ್ದ ಇಂಕಾ ನಗರ ಮಚು ಪಿಚುವಿಗೆ ಕರೆದೊಯ್ಯುವ ಇಂಕಾ ಹಾದಿಯನ್ನು ನಡೆಯಬೇಕೆಂದು ಹೊರಡುವವರು ಸಾಮಾನ್ಯವಾಗಿ ಮೊದಲು ರಜೆಯನ್ನು ಗೊತ್ತು ಮಾಡಿಕೊಂಡು, ವಿಮಾನದ ಟಿಕೆಟ್ ಕೊಂಡು, ಆಮೇಲೆ ಚಾರಣದ ಬಗ್ಗೆ ವಿಚಾರಿಸಲು ತೊಡಗುತ್ತಾರೆ. ಬೇರೆ ಪ್ರವಾಸಗಳಿಗೆ ಸರಿಹೊಂದುವ ಈ ಕ್ರಮ ಇಲ್ಲಿ ನಡೆಯುವುದಿಲ್ಲ. ಈ ಹಾದಿಗೆ ದಿನವೊಂದಕ್ಕೆ ಎಷ್ಟು ಜನ ಕಾಲಿಡಬಹುದೆಂಬುದನ್ನು ಸರ್ಕಾರ ನಿಗದಿ ಮಾಡಿದೆ, ಆ ಸಂಖ್ಯೆ ತುಂಬಿದ ಮೇಲೆ ಹಣದಿಂದಾಗಲಿ ಪರಿಚಯದಿಂದಾಗಲಿ ಪ್ರವೇಶ ಸಿಗುವುದಿಲ್ಲ. ಆದ್ದರಿಂದ ಯೋಜನೆಯನ್ನು ಪರವಾನಗಿಯ ದಿನಾಂಕದಿಂದ ಆರಂಭಿಸಿ, ಅಲ್ಲಿಂದ ಹಿಂದಕ್ಕೆ ದೇಹವನ್ನು ಎತ್ತರಕ್ಕೆ ಒಗ್ಗಿಸುವ ದಿನಗಳನ್ನೂ, ಮುಂದಕ್ಕೆ ಹಿಂತಿರುಗುವ ದಿನಗಳನ್ನೂ ಎಣಿಸುತ್ತಾ ಹೋಗಬೇಕು. ವಿಮಾನದ ಟಿಕೆಟ್ ಕೊಳ್ಳುವುದು ಆ ಎಣಿಕೆ ಮುಗಿದ ಮೇಲಿನ ಮಾತು.

ಮೊದಲ ಹೆಜ್ಜೆ: ಯಾವ ಹಾದಿ ಎಂಬುದನ್ನು ತೀರ್ಮಾನಿಸುವುದು

ಇಂಕಾ ಸಾಮ್ರಾಜ್ಯದ ರಸ್ತೆಗಳ ಜಾಲ ಇಂದಿನ ಆರು ದೇಶಗಳಲ್ಲಿ ಸುಮಾರು 30,000 ಕಿಲೋಮೀಟರ್ ಹರಡಿಕೊಂಡಿದೆ. ಚಾರಣಿಗರು ‘ಇಂಕಾ ಹಾದಿ’ ಎಂದು ಕರೆಯುವುದು ಅದರ ಒಂದು ಚಿಕ್ಕ ತುಂಡನ್ನು ಮಾತ್ರ. ಕುಸ್ಕೊ ನಗರದಿಂದ ಮಚು ಪಿಚುವಿನ ಕಡೆಗೆ ಹೋಗುವ ರೈಲುಮಾರ್ಗದ 82ನೆಯ ಕಿಲೋಮೀಟರ್ ಕಲ್ಲಿನ ಬಳಿ, ಉರುಬಾಂಬ ನದಿಯ ದಡದಲ್ಲಿ ಈ ನಡಿಗೆ ಆರಂಭವಾಗುತ್ತದೆ. ಸುಮಾರು 43 ಕಿಲೋಮೀಟರ್ ದೂರವನ್ನು ನಾಲ್ಕು ಹಗಲು, ಮೂರು ರಾತ್ರಿಗಳಲ್ಲಿ ಕ್ರಮಿಸಿ, ನಾಲ್ಕನೆಯ ದಿನ ಬೆಳಿಗ್ಗೆ ಇಂಟಿ ಪುಂಕು, ಅಂದರೆ ಸೂರ್ಯದ್ವಾರದ ಮೂಲಕ ಮಚು ಪಿಚುವಿಗೆ ಇಳಿಯುವುದು ಇದರ ಕ್ರಮ. ಮಚು ಪಿಚುವನ್ನು ನೋಡಲು ರೈಲು ಮತ್ತು ಬಸ್ಸಿನಲ್ಲಿ ಒಂದೇ ದಿನದಲ್ಲಿ ಹೋಗಿಬರಬಹುದು. ನಡೆದು ಹೋಗುವುದಕ್ಕೆ ಇರುವ ನಿಜವಾದ ಕಾರಣ ದಾರಿಯುದ್ದಕ್ಕೂ ಸಿಗುವ ಸಯಾಕ್‌ಮಾರ್ಕ, ಫುಯುಪಟಮಾರ್ಕ, ವಿನ್ಯಾಯ್ ವೈನಾ ಮುಂತಾದ ಇಂಕಾ ಕಾಲದ ಪಾಳುಬಿದ್ದ ನಿವೇಶನಗಳು. ಇವುಗಳ ಬಳಿಗೆ ಹೋಗುವ ರಸ್ತೆಯಿಲ್ಲ, ಕಾಲ್ನಡಿಗೆಯ ಹೊರತು ಬೇರೆ ದಾರಿಯೂ ಇಲ್ಲ.

ನಾಲ್ಕು ದಿನ ಟೆಂಟಿನಲ್ಲಿ ಕಳೆಯಲು ಮನಸ್ಸಿಲ್ಲದವರು 104ನೆಯ ಕಿಲೋಮೀಟರಿನಲ್ಲಿ ರೈಲಿನಿಂದ ಇಳಿದು, ಒಂದೇ ಹಗಲಿನಲ್ಲಿ ವಿನ್ಯಾಯ್ ವೈನಾ ಮತ್ತು ಸೂರ್ಯದ್ವಾರವನ್ನು ದಾಟಿ, ಆ ರಾತ್ರಿ ಕೆಳಗಿನ ಊರಿನಲ್ಲಿ ತಂಗಿ, ಮಾರನೆಯ ದಿನ ಮಚು ಪಿಚುವನ್ನು ನೋಡುವ ಎರಡು ದಿನಗಳ ಚಾರಣವನ್ನು ಆರಿಸಿಕೊಳ್ಳಬಹುದು. ಎತ್ತರದ ಘಟ್ಟಗಳು ಇದರಲ್ಲಿ ಬರುವುದಿಲ್ಲವಾದ್ದರಿಂದ ಮಂಡಿನೋವಿನವರಿಗೂ ವಯಸ್ಸಾದವರಿಗೂ ಇದು ಹೆಚ್ಚು ಹೊಂದುತ್ತದೆ. ಇದಕ್ಕೂ ಪರವಾನಗಿ ಬೇಕು.

ಪರವಾನಗಿ ಸಿಗದೆ ಹೋದರೆ ನಿರಾಶರಾಗಬೇಕಿಲ್ಲ. ಸಾಲ್ಕಂಟೈ ಹಿಮಶಿಖರದ ಪಕ್ಕದಲ್ಲಿ 4,600 ಮೀಟರಿಗೂ ಹೆಚ್ಚು ಎತ್ತರದ ಘಟ್ಟವನ್ನು ದಾಟಿ ಹೋಗುವ ಚಾರಣಕ್ಕೆ ಇಂತಹ ದಿನದ ಮಿತಿಯಿಲ್ಲ, ಅದರ ಕೊನೆಯೂ ಮಚು ಪಿಚುವೇ. ಆದರೆ ಆ ಹಾದಿಯಲ್ಲಿ ಪರ್ವತಗಳ ನೋಟ ಹೆಚ್ಚು, ಅವಶೇಷಗಳು ಕಡಿಮೆ. ಹಳೆಯ ಕಟ್ಟಡಗಳೇ ಮುಖ್ಯವೆನ್ನುವವರಿಗೆ ಚೋಕೆಕಿರಾವ್ ಉತ್ತಮ. ಅಪುರಿಮಾಕ್ ನದಿಯ ಕಮರಿಗೆ ಪೂರ್ತಿ ಇಳಿದು ಎದುರು ದಂಡೆಯನ್ನು ಹತ್ತಿ ತಲುಪಬೇಕಾದ, ಬಂದ ದಾರಿಯಲ್ಲೇ ಮರಳುವವರಿಗೆ ಸುಮಾರು ನಾಲ್ಕೈದು ದಿನ ಹಿಡಿಯುವ ಈ ಇಂಕಾ ನಗರಕ್ಕೆ ಜನಸಂದಣಿ ಇನ್ನೂ ಮುತ್ತಿಲ್ಲ. ನನ್ನ ಅಭಿಪ್ರಾಯದಲ್ಲಿ ಶ್ರಮದ ದೃಷ್ಟಿಯಿಂದ ಇದು ಇಂಕಾ ಹಾದಿಗಿಂತ ಕಠಿಣ, ಮೊದಲ ಬಾರಿ ಆಂಡಿಸ್‌ಗೆ ಹೋಗುವವರಿಗೆ ಹೇಳಿದ್ದಲ್ಲ.

ಎರಡನೆಯ ಹೆಜ್ಜೆ: ತಿಂಗಳು ಮತ್ತು ಪರವಾನಗಿ

ಆ ಪ್ರದೇಶದಲ್ಲಿ ಮಳೆಗಾಲ ಸುಮಾರಾಗಿ ನವೆಂಬರಿನಿಂದ ಮಾರ್ಚ್‌ವರೆಗೆ, ಒಣಗಾಲ ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ. ಫೆಬ್ರುವರಿಯಲ್ಲಿ ಪ್ರತಿವರ್ಷ ದುರಸ್ತಿಗಾಗಿ ಇಂಕಾ ಹಾದಿಯನ್ನು ಪೂರ್ತಿಯಾಗಿ ಮುಚ್ಚಲಾಗುತ್ತದೆ, ಆದರೆ ಮಚು ಪಿಚು ತೆರೆದಿರುತ್ತದೆ. ಜೂನ್, ಜುಲೈ ತಿಂಗಳುಗಳಲ್ಲಿ ಆಕಾಶ ತಿಳಿಯಾಗಿದ್ದು, ರಾತ್ರಿಯ ಚಳಿ ಎತ್ತರದ ಬಿಡಾರಗಳಲ್ಲಿ ಸೊನ್ನೆ ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಜೂನ್ 24ರಂದು ಕುಸ್ಕೊದಲ್ಲಿ ಇಂಟಿ ರಾಯ್ಮಿ ಎಂಬ ಸೂರ್ಯೋತ್ಸವ ನಡೆಯುವುದರಿಂದ ಆ ವಾರ ಹೋಟೆಲುಗಳೂ ತುಂಬಿರುತ್ತವೆ. ಏಪ್ರಿಲ್ ಕೊನೆ, ಮೇ ಮೊದಲ ಭಾಗ ಮತ್ತು ಸೆಪ್ಟೆಂಬರ್ ನನಗೆ ಹೆಚ್ಚು ಒಪ್ಪಿಗೆಯಾಗುವ ಅವಧಿಗಳು. ಒಂದೆರಡು ಮಳೆ ತಾಗಬಹುದಾದರೂ ಏಪ್ರಿಲ್, ಮೇ ತಿಂಗಳುಗಳಲ್ಲಿ ಮಳೆಗಾಲದ ಬೆನ್ನಿಗೆ ಬೆಟ್ಟಗಳು ಹಸಿರಾಗಿರುತ್ತವೆ, ಏಪ್ರಿಲ್ ಮತ್ತು ಸೆಪ್ಟೆಂಬರಿನಲ್ಲಿ ಪರವಾನಗಿಗೆ ಪೈಪೋಟಿಯೂ ಸ್ವಲ್ಪ ಕಡಿಮೆ.

ದಿನವೊಂದಕ್ಕೆ ಹಾದಿಗೆ ಬಿಡುವುದು 500 ಜನರನ್ನು. ಈ ಸಂಖ್ಯೆಯೊಳಗೆ ಮಾರ್ಗದರ್ಶಕರು, ಅಡುಗೆಯವರು, ಹೊರೆ ಹೊರುವ ಪೋರ್ಟರ್‌ಗಳು ಎಲ್ಲರೂ ಸೇರಿರುವುದರಿಂದ ಪ್ರವಾಸಿಗರ ಪಾಲಿಗೆ ಉಳಿಯುವುದು ಸುಮಾರು 200 ಮಾತ್ರ. ಪರವಾನಗಿಯನ್ನು ಪೆರುವಿನ ಸಂಸ್ಕೃತಿ ಸಚಿವಾಲಯದ ಕುಸ್ಕೊ ಕಚೇರಿ ನೀಡುತ್ತದೆ. ಪರವಾನಗಿ ಪಡೆದ ಸಂಸ್ಥೆ ಅಥವಾ ಮಾರ್ಗದರ್ಶಕರಿಲ್ಲದೆ ಈ ಹಾದಿಯಲ್ಲಿ ನಡೆಯುವುದಕ್ಕೆ ಅವಕಾಶವಿಲ್ಲವಾದ್ದರಿಂದ ಅರ್ಜಿಯನ್ನು ನಿಮ್ಮ ಪರವಾಗಿ ಸಂಸ್ಥೆಯೇ ಸಲ್ಲಿಸುತ್ತದೆ. ಮೇ ತಿಂಗಳಿನಿಂದ ಆಗಸ್ಟ್‌ವರೆಗಿನ ದಿನಗಳು ಹಲವು ತಿಂಗಳು ಮೊದಲೇ ತುಂಬಿಹೋಗುತ್ತವೆ. ಆ ಅವಧಿಯಲ್ಲಿ ಹೋಗುವವರು ಕನಿಷ್ಠ ಆರು ತಿಂಗಳು ಮುಂಚೆ ಹಣ ಕಟ್ಟಿ ದಿನಾಂಕವನ್ನು ಭದ್ರ ಮಾಡಿಕೊಳ್ಳಬೇಕು.

ಪರವಾನಗಿಯಲ್ಲಿ ನಿಮ್ಮ ಹೆಸರು ಮತ್ತು ಪಾಸ್‌ಪೋರ್ಟ್ ಸಂಖ್ಯೆ ಅಚ್ಚಾಗಿರುತ್ತವೆ. ಒಮ್ಮೆ ನೀಡಿದ ಮೇಲೆ ಅದನ್ನು ಬೇರೆಯವರ ಹೆಸರಿಗೆ ವರ್ಗಾಯಿಸಲು ಆಗುವುದಿಲ್ಲ, ದಿನಾಂಕವನ್ನೂ ಬದಲಿಸಲಾಗದು. ಹಾದಿಯ ಬಾಗಿಲಿನಲ್ಲಿ ಪಾಸ್‌ಪೋರ್ಟ್‌ನ್ನು ಪರವಾನಗಿಯೊಂದಿಗೆ ತಾಳೆ ನೋಡುತ್ತಾರೆ. ಹೀಗಾಗಿ ಪಾಸ್‌ಪೋರ್ಟ್‌ನ ಅವಧಿ ಮುಗಿಯುತ್ತಾ ಬಂದಿದ್ದರೆ ಮೊದಲು ಅದನ್ನು ನವೀಕರಿಸಿಕೊಂಡು, ಹೊಸ ಸಂಖ್ಯೆಯನ್ನೇ ಸಂಸ್ಥೆಗೆ ಕೊಡುವುದು ಜಾಣತನ. ಪರವಾನಗಿ ಬಂದ ಮೇಲೆ ಪಾಸ್‌ಪೋರ್ಟ್ ಬದಲಾಗಬೇಕಾಗಿ ಬಂದರೆ ಕೂಡಲೇ ಸಂಸ್ಥೆಗೆ ತಿಳಿಸಿ, ಹಳೆಯದನ್ನೂ ಹೊಸದನ್ನೂ ಜೊತೆಗೆ ಒಯ್ಯಬೇಕು. ಹೆಸರಿನ ವಿಷಯದಲ್ಲಿ ನಮ್ಮವರು ವಿಶೇಷವಾಗಿ ಎಚ್ಚರವಾಗಿರಬೇಕು. ಇನಿಷಿಯಲ್ ಬಿಡಿಸಿ ಬರೆದಿರುವುದು, ಮನೆತನದ ಹೆಸರಿನ ಜಾಗ ಖಾಲಿ ಇರುವುದು ಇತ್ಯಾದಿಗಳಿಂದ ಗೊಂದಲವಾಗುತ್ತದೆ. ಪಾಸ್‌ಪೋರ್ಟ್‌ನ ಪುಟದ ಚಿತ್ರವನ್ನೇ ಕಳುಹಿಸಿ, ಅದರಲ್ಲಿ ಇದ್ದಂತೆಯೇ ನಮೂದಿಸಲು ಹೇಳುವುದು ಸುಲಭದ ಉಪಾಯ.

ಮೂರನೆಯ ಹೆಜ್ಜೆ: ಸಂಸ್ಥೆಯನ್ನು ಆರಿಸುವುದು

ಕುಸ್ಕೊದಲ್ಲಿ ಈ ಚಾರಣವನ್ನು ನಡೆಸುವ ಪರವಾನಗಿ ಪಡೆದ ಸಂಸ್ಥೆಗಳು ಅನೇಕ. ಎಲ್ಲರೂ ಕೊಂಡೊಯ್ಯುವುದು ಒಂದೇ ಹಾದಿಯಲ್ಲಿ, ಸರ್ಕಾರಕ್ಕೆ ಕಟ್ಟುವ ಶುಲ್ಕವೂ ಎಲ್ಲರಿಗೂ ಒಂದೇ, ರೈಲಿನ ದರದಲ್ಲೂ ಹೆಚ್ಚಿನ ವ್ಯತ್ಯಾಸವಿಲ್ಲ. ಹಾಗಿರುವಾಗ ಒಬ್ಬರ ಬೆಲೆ ಇನ್ನೊಬ್ಬರದಕ್ಕಿಂತ ಬಹಳ ಕಡಿಮೆಯಿದ್ದರೆ ಆ ಉಳಿತಾಯ ಎಲ್ಲಿಂದ ಬರುತ್ತಿದೆ ಎಂದು ಕೇಳಿಕೊಳ್ಳಬೇಕು. ಬಹುಪಾಲು ಸಂದರ್ಭಗಳಲ್ಲಿ ಅದು ಬರುವುದು ಪೋರ್ಟರ್‌ಗಳ ಕೂಲಿಯಿಂದ, ಅವರ ಊಟದಿಂದ, ಅವರು ಮಲಗುವ ಟೆಂಟಿನಿಂದ. ಅಗ್ಗದ ಚಾರಣವೆಂದರೆ ಅದರ ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದಾರೆಂದೇ ಅರ್ಥ. ಈ ಲೇಖನದಲ್ಲಿ ಬೇರೆ ಯಾವ ಸಲಹೆಯನ್ನು ಬಿಟ್ಟರೂ ಇದನ್ನು ಬಿಡಬಾರದೆಂದು ಕೇಳಿಕೊಳ್ಳುತ್ತೇನೆ.

ಇಂಕಾ ಹಾದಿಯಲ್ಲಿ ಕುದುರೆ, ಹೇಸರಗತ್ತೆಗಳ ಮೇಲೆ ಹೊರೆ ಹೇರುವುದಿಲ್ಲ. ಟೆಂಟು, ಅಡುಗೆ ಅನಿಲ, ಪಾತ್ರೆ, ಮೂರು ರಾತ್ರಿಗಳ ದಿನಸಿ, ಮಡಿಸುವ ಮೇಜು ಕುರ್ಚಿ ಎಲ್ಲವೂ ಮನುಷ್ಯರ ಬೆನ್ನಿನ ಮೇಲೆಯೇ ಸಾಗುತ್ತವೆ. ಹೆಚ್ಚಿನ ಪೋರ್ಟರ್‌ಗಳು ಸುತ್ತಲಿನ ಬೆಟ್ಟದೂರುಗಳ ಕೇಚುವ ಭಾಷೆಯ ರೈತರು. ಅವರ ಹಿತಕ್ಕಾಗಿ 2001ರಲ್ಲಿ ಪ್ರತ್ಯೇಕ ಕಾನೂನು ಬಂತು, 2022ರಲ್ಲಿ ಅದರ ಜಾಗಕ್ಕೆ ಇನ್ನೊಂದು ಬಂತು. ಒಬ್ಬ ಪುರುಷ ಹೊರಬಹುದಾದ ಗರಿಷ್ಠ ತೂಕ 20 ಕಿಲೋ, ಮಹಿಳೆಯದು 15 ಕಿಲೋ. ಹಾದಿಯ ಆರಂಭದಲ್ಲಿ ಹೊರೆಗಳನ್ನು ತೂಗಿಯೇ ಒಳಗೆ ಬಿಡುತ್ತಾರೆ.

ಹಣ ಕಟ್ಟುವ ಮೊದಲು ಸಂಸ್ಥೆಗೆ ಬರೆದು ಕೇಳಬೇಕಾದ ಪ್ರಶ್ನೆಗಳು ಹಲವು. ನಮ್ಮ ತಂಡದಲ್ಲಿ ಎಷ್ಟು ಜನ, ಎಷ್ಟು ಪೋರ್ಟರ್‌ಗಳು? ಪೋರ್ಟರ್‌ಗಳಿಗೆ ಮಲಗಲು ತಳಹಾಸು ಇರುವ ಟೆಂಟು, ಹೊದೆಯಲು ಸ್ಲೀಪಿಂಗ್ ಬ್ಯಾಗ್, ಮಳೆಯಂಗಿ, ವಿಮೆ ಇವೆಯೇ? ತಂಡದಲ್ಲಿ ಹೆಚ್ಚೆಂದರೆ 16 ಚಾರಣಿಗರಿರಬಹುದು, ಎಂಟಕ್ಕಿಂತ ಹೆಚ್ಚಾದರೆ ಎರಡನೆಯ ಮಾರ್ಗದರ್ಶಕರು ಇರಬೇಕು. ಅವರು ಎಲ್ಲ ನಾಲ್ಕು ದಿನಗಳೂ ಜೊತೆಗಿರುತ್ತಾರೆಯೇ? ಆಮ್ಲಜನಕದ ಸಿಲಿಂಡರ್ ಮತ್ತು ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯನ್ನು ಒಯ್ಯುತ್ತಾರೆಯೇ? ಹೇಳಿದ ಬೆಲೆಯಲ್ಲಿ ಮಚು ಪಿಚುವಿನ ಪ್ರವೇಶ, ಕೆಳಗಿಳಿಯುವ ಬಸ್ಸು, ಹಿಂತಿರುಗುವ ರೈಲು, ಸ್ಲೀಪಿಂಗ್ ಬ್ಯಾಗಿನ ಬಾಡಿಗೆ, ನಿಮ್ಮ ಸ್ವಂತ ಚೀಲವನ್ನು ಹೊರುವವರ ಕೂಲಿ ಸೇರಿವೆಯೇ? ಈ ಪ್ರಶ್ನೆಗಳಿಗೆ, ಅದರಲ್ಲೂ ಪೋರ್ಟರ್‌ಗಳ ಕುರಿತಾದವಕ್ಕೆ, ನೇರವಾಗಿ ಉತ್ತರಿಸುವ ಸಂಸ್ಥೆಯನ್ನು ನಂಬಬಹುದು. ‘ಎಲ್ಲವೂ ಇದೆ, ಚಿಂತೆ ಬೇಡ’ ಎಂದಷ್ಟೇ ಬರೆದು ಕಳುಹಿಸುವವರನ್ನು ಬಿಟ್ಟು ಮುಂದೆ ಹೋಗಬೇಕು.

ಊಟದ ವಿಷಯವನ್ನೂ ಇದೇ ಹಂತದಲ್ಲಿ ಬಗೆಹರಿಸಿಕೊಳ್ಳುವುದು ಒಳ್ಳೆಯದು. ಚಾರಣದ ಅಡುಗೆಯವರು ಟೆಂಟಿನ ಒಲೆಯಲ್ಲಿ ಮಾಡುವ ಸೂಪು, ಕಿನೋವಾ, ಆಲೂಗಡ್ಡೆ, ತರಕಾರಿಯ ಅಡುಗೆ ನಿಜಕ್ಕೂ ರುಚಿಯಾಗಿರುತ್ತದೆ. ಆದರೆ ‘ಸಸ್ಯಾಹಾರಿ’ ಎಂದು ಒಂದು ಪದದಲ್ಲಿ ಹೇಳಿ ಸುಮ್ಮನಾಗದೆ ಮಾಂಸ, ಮೀನು, ಮೊಟ್ಟೆ, ಮಾಂಸ ಬೇಯಿಸಿದ ನೀರಿನ ಸೂಪು ಇವುಗಳಲ್ಲಿ ಯಾವುದು ಬೇಡವೆಂಬುದನ್ನು ಒಂದೊಂದಾಗಿ ಬರೆದುಕೊಡಬೇಕು. ಎರಡನೆಯ ದಿನ ಘಟ್ಟದ ಮೇಲೆ ಬೇರೆ ಊಟ ಸಿಗುವ ಅಂಗಡಿ ಯಾವುದೂ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ವೀಸಾ, ಲಸಿಕೆ, ವಿಮೆ

ಅಮೆರಿಕ, ಕೆನಡಾ, ಬ್ರಿಟನ್, ಆಸ್ಟ್ರೇಲಿಯಾ ಅಥವಾ ಷೆಂಗನ್ ದೇಶಗಳ ಕನಿಷ್ಠ ಆರು ತಿಂಗಳ ಅವಧಿಯಿರುವ ವೀಸಾ ಅಥವಾ ಶಾಶ್ವತ ವಾಸದ ಅನುಮತಿ ಇರುವ ಭಾರತೀಯರಿಗೆ ಪೆರು ದೇಶ 2017ರಿಂದ ಪ್ರವಾಸಿ ವೀಸಾದಿಂದ ವಿನಾಯಿತಿ ನೀಡಿದೆ. ಉಳಿದವರು ದೆಹಲಿಯಲ್ಲಿರುವ ಪೆರುವಿನ ರಾಯಭಾರ ಕಚೇರಿಯ ಮೂಲಕ ವೀಸಾ ಪಡೆಯಬೇಕು. ಇಂತಹ ನಿಯಮಗಳು ಬದಲಾಗುತ್ತಿರುವುದರಿಂದ ಟಿಕೆಟ್ ಕೊಳ್ಳುವ ವಾರದಲ್ಲಿ ಒಮ್ಮೆ ರಾಯಭಾರ ಕಚೇರಿಯಿಂದ ಖಚಿತಪಡಿಸಿಕೊಳ್ಳಿ. ಅಮೆರಿಕದ ವಿಮಾನ ನಿಲ್ದಾಣದಲ್ಲಿ ವಿಮಾನ ಬದಲಿಸುವ ಮಾರ್ಗವನ್ನು ಆರಿಸಿಕೊಂಡರೆ ಅಲ್ಲಿನ ವೀಸಾ ಬೇಕಾಗುತ್ತದೆ ಎಂಬುದನ್ನೂ ಮರೆಯಬಾರದು.

ಬಹಳ ಜನರಿಗೆ ತಿಳಿಯದ ಸಂಗತಿ ಹಳದಿ ಜ್ವರದ ಲಸಿಕೆಯದು. ಕುಸ್ಕೊ, ಇಂಕಾ ಹಾದಿ, ಮಚು ಪಿಚು ಇಷ್ಟನ್ನೇ ನೋಡುವವರಿಗೆ ಅಲ್ಲಿನ ಕಾಯಿಲೆಯ ಭಯದಿಂದ ಈ ಲಸಿಕೆ ಬೇಕಾಗುವುದಿಲ್ಲ. ಆದರೆ ಪೆರುವಿನ ಅಮೆಜಾನ್ ಭಾಗದಲ್ಲಿ ಆ ಜ್ವರ ಇರುವ ಕಾರಣ, ಆ ದೇಶದಿಂದ ಹೊರಟು ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು, ಭಾರತೀಯರೇ ಆಗಿದ್ದರೂ, ಲಸಿಕೆಯ ಪ್ರಮಾಣಪತ್ರವನ್ನು ತೋರಿಸಬೇಕಾಗುತ್ತದೆ. ಇಲ್ಲವಾದರೆ ಪ್ರತ್ಯೇಕವಾಸದಲ್ಲಿ ಇರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಸರ್ಕಾರದಿಂದ ಮಾನ್ಯತೆ ಪಡೆದ ಲಸಿಕಾ ಕೇಂದ್ರಗಳಲ್ಲಿ ಮಾತ್ರ ಇದನ್ನು ಹಾಕುತ್ತಾರೆ, ಪ್ರಮಾಣಪತ್ರ ಊರ್ಜಿತವಾಗುವುದು ಹತ್ತು ದಿನಗಳ ನಂತರ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ಸಾಕು.

ವಿಮೆಯ ಪಾಲಿಸಿಯಲ್ಲಿ ಎತ್ತರದ ಮಿತಿಯನ್ನು ಹುಡುಕಿ ಓದಬೇಕು. ಈ ಹಾದಿಯ ಅತ್ಯುನ್ನತ ಸ್ಥಳ 4,215 ಮೀಟರ್ ಎತ್ತರದಲ್ಲಿದೆ. 3,000 ಅಥವಾ 4,000 ಮೀಟರಿನವರೆಗೆ ಮಾತ್ರ ರಕ್ಷಣೆ ನೀಡುವ ಪಾಲಿಸಿಯಿಂದ ಇಲ್ಲಿ ಪ್ರಯೋಜನವಿಲ್ಲ.

ಐದನೆಯ ಹೆಜ್ಜೆ: ಎತ್ತರಕ್ಕೆ ಒಗ್ಗುವುದು

ಪೆರುವಿನ ರಾಜಧಾನಿ ಲಿಮಾ ಸಮುದ್ರದ ದಡದಲ್ಲಿದೆ, ಕುಸ್ಕೊ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ನಡುವಿನ ವಿಮಾನ ಪ್ರಯಾಣ ಒಂದೂವರೆ ಗಂಟೆಗಿಂತ ಕಡಿಮೆ. ಅಷ್ಟು ಹೊತ್ತಿನಲ್ಲಿ ದೇಹ ಹೊಸ ಗಾಳಿಗೆ ಹೊಂದಿಕೊಳ್ಳಲಾರದು. 4,200 ಮೀಟರಿನಲ್ಲಿ ವಾಯುಭಾರ ಸಮುದ್ರಮಟ್ಟದ ಸುಮಾರು ಐದನೆಯ ಮೂರು ಪಾಲಷ್ಟೇ ಇರುವುದರಿಂದ ಪ್ರತಿ ಉಸಿರಿನಲ್ಲಿ ದೊರೆಯುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಊರಿನಲ್ಲಿ ದಿನವೂ ಹತ್ತು ಕಿಲೋಮೀಟರ್ ಓಡುವ ಯುವಕನಿಗೆ ತಲೆನೋವು ಬಂದು, ಅವನ ತಾಯಿ ಆರಾಮವಾಗಿ ನಡೆದುಹೋಗುವುದೂ ಉಂಟು. ಯಾರಿಗೆ ಬಾಧಿಸುತ್ತದೆ, ಯಾರಿಗೆ ಇಲ್ಲ ಎಂಬುದಕ್ಕೂ ದೇಹದಾರ್ಢ್ಯಕ್ಕೂ ಸಂಬಂಧ ಕಡಿಮೆ.

ಆದ್ದರಿಂದ ಚಾರಣಕ್ಕೆ ಮೊದಲು ಕನಿಷ್ಠ ಮೂರು ರಾತ್ರಿಗಳನ್ನು ಎತ್ತರದಲ್ಲಿ ಕಳೆಯಬೇಕು. ನಾಲ್ಕು ಸಿಕ್ಕರೆ ಇನ್ನೂ ಒಳ್ಳೆಯದು. ಕುಸ್ಕೊ ವಿಮಾನ ನಿಲ್ದಾಣದಿಂದ ನೇರವಾಗಿ, ಅದಕ್ಕಿಂತ ತಗ್ಗಿನಲ್ಲಿ ಸುಮಾರು 2,800 ಮೀಟರ್ ಎತ್ತರದಲ್ಲಿರುವ ಓಯಾಂಟೈಟಾಂಬೊ ಅಥವಾ ಉರುಬಾಂಬ ಊರಿಗೆ ಹೋಗಿ ಮೊದಲ ಎರಡು ರಾತ್ರಿ ತಂಗಿ, ಆಮೇಲೆ ಕುಸ್ಕೊಗೆ ಏರಿಬರುವುದು ಹೆಚ್ಚು ಸುಲಭವಾದ ಕ್ರಮ. ಓಯಾಂಟೈಟಾಂಬೊ ಇಂಕಾಗಳು ಹಾಕಿದ ಬೀದಿ, ಕಾಲುವೆಗಳನ್ನು ಇಂದಿಗೂ ಬಳಸುತ್ತಿರುವ ಊರಾದ್ದರಿಂದ ಆ ಎರಡು ದಿನಗಳು ದಂಡವೆನಿಸುವುದಿಲ್ಲ. ಮೊದಲ ದಿನ ಮೆಟ್ಟಿಲು ಹತ್ತುವ ಸಾಹಸ ಬೇಡ. ನೀರು ಹೆಚ್ಚು ಕುಡಿಯಿರಿ, ಊಟ ಮಿತವಾಗಿರಲಿ, ಮದ್ಯವನ್ನು ಚಾರಣ ಮುಗಿಯುವವರೆಗೆ ಮುಟ್ಟದಿರಿ.

ಅಸೆಟಜೋಲಮೈಡ್ ಎಂಬ ಮಾತ್ರೆ ದೇಹ ಬೇಗ ಒಗ್ಗಿಕೊಳ್ಳಲು ನೆರವಾಗುತ್ತದೆ. ಇದನ್ನು ಸಾಮಾನ್ಯವಾಗಿ ಎತ್ತರಕ್ಕೆ ಏರುವ ಹಿಂದಿನ ದಿನದಿಂದಲೇ ಆರಂಭಿಸುತ್ತಾರೆ. ಸಲ್ಫಾ ಔಷಧಿಗಳು ಒಗ್ಗದವರು, ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು ಇದನ್ನು ಸ್ವಂತ ತೀರ್ಮಾನದಿಂದ ತೆಗೆದುಕೊಳ್ಳಬಾರದು. ಉಳಿದವರೂ ವೈದ್ಯರನ್ನು ಕೇಳಿಯೇ ಪ್ರಮಾಣವನ್ನು ನಿರ್ಧರಿಸಬೇಕು. ಹೋಟೆಲುಗಳಲ್ಲಿ ಬಂದವರಿಗೆಲ್ಲ ಕೊಡುವ ಕೋಕಾ ಎಲೆಯ ಕಷಾಯ ಅಲ್ಲಿ ಕಾನೂನುಬದ್ಧ, ಹಿತವೂ ಹೌದು. ಆದರೆ ಅದು ಮಾತ್ರೆಗೆ ಬದಲಿಯಲ್ಲ. ನೆನಪಿಗೆಂದು ಆ ಎಲೆಗಳ ಪೊಟ್ಟಣವನ್ನು ಚೀಲದಲ್ಲಿ ಇಟ್ಟುಕೊಂಡು ಬೇರೆ ದೇಶದ ವಿಮಾನ ನಿಲ್ದಾಣದಲ್ಲಿ ಇಳಿದರೆ ಮಾದಕವಸ್ತುವಿನ ಮೊಕದ್ದಮೆ ಎದುರಾಗಬಹುದು.

ಸ್ವಲ್ಪ ತಲೆನೋವು, ವಾಕರಿಕೆ, ನಿದ್ದೆ ಬಾರದಿರುವುದು ಸಾಮಾನ್ಯ. ಅವು ಇದ್ದರೆ ಅಂದು ಇನ್ನೂ ಮೇಲಕ್ಕೆ ಹೋಗದೆ ಇದ್ದಲ್ಲೇ ವಿಶ್ರಮಿಸಿದರೆ ಶಮನವಾಗುತ್ತವೆ. ಸುಮ್ಮನೆ ಕುಳಿತಾಗಲೂ ಏದುಸಿರು ಬರುವುದು, ಕೆಮ್ಮಿನಲ್ಲಿ ನೊರೆ ಕಾಣಿಸುವುದು, ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡುವುದು, ಮಾತು ತೊದಲುವುದು ಇವು ಬೇರೆ ತರಗತಿಯ ಲಕ್ಷಣಗಳು. ಶ್ವಾಸಕೋಶದಲ್ಲಿ ಅಥವಾ ಮಿದುಳಿನಲ್ಲಿ ನೀರು ತುಂಬುತ್ತಿರುವ ಸೂಚನೆಯಿದು. ರಾತ್ರಿಯಾದರೂ ಸರಿ, ಕೂಡಲೇ ಕೆಳಕ್ಕೆ ಇಳಿಸುವುದೇ ಮೊದಲ ಚಿಕಿತ್ಸೆ. ಈ ಲಕ್ಷಣಗಳನ್ನು ತಂಡದವರಿಂದ ಮುಚ್ಚಿಡುವುದು ಚಾರಣದಲ್ಲಿ ಮಾಡಬಹುದಾದ ಅತ್ಯಂತ ಅಪಾಯದ ಕೆಲಸ. ಕಾರಣ ಸರಳ: ಮೊದಲ ಘಟ್ಟವನ್ನು ದಾಟಿದ ಮೇಲೆ ಹಿಂದಕ್ಕೆ ಹೋಗಬೇಕಾದರೂ ಮತ್ತೆ 4,215 ಮೀಟರ್ ಎತ್ತರದ ನೆತ್ತಿಗೆ ಹತ್ತಲೇಬೇಕಾಗುತ್ತದೆ.

ಆರನೆಯ ಹೆಜ್ಜೆ: ಕಾಲು ಮತ್ತು ಚೀಲ

ಮೂರು ತಿಂಗಳು ಮೊದಲಿನಿಂದ ವಾರಕ್ಕೆ ಮೂರು ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿಯುವ ಅಭ್ಯಾಸ ಮಾಡಿದರೆ ಸಾಕು. ಇಳಿಯುವುದನ್ನು ಒತ್ತಿ ಹೇಳುತ್ತಿದ್ದೇನೆ. ಇಂಕಾ ಹಾದಿಯಲ್ಲಿ ಏದುಸಿರು ತರುವುದು ಏರು, ಆದರೆ ನೋವು ಉಳಿಸಿಹೋಗುವುದು ಇಳಿಜಾರು. ಒಂದೊಂದು ಮೆಟ್ಟಿಲು ಒಂದೊಂದು ಎತ್ತರದ್ದು, ಮಳೆ ಬಂದರೆ ಜಾರುವಂಥದ್ದು. ಹೊಸ ಬೂಟುಗಳನ್ನು ಕನಿಷ್ಠ ಆರು ವಾರ ಮೊದಲೇ ಕೊಂಡು, ಅವುಗಳಲ್ಲಿಯೇ ನಡೆದು ಕಾಲಿಗೆ ಒಗ್ಗಿಸಿಕೊಂಡಿರಬೇಕು.

ನಿಮ್ಮ ಚೀಲವನ್ನು ಪೋರ್ಟರ್ ಹೊರುವುದಾದರೆ ಅದರ ಮಿತಿ ಸಾಮಾನ್ಯವಾಗಿ 7 ಕಿಲೋ. ಇದರಲ್ಲಿ ಸ್ಲೀಪಿಂಗ್ ಬ್ಯಾಗ್ ಮತ್ತು ಹಾಸು ಸೇರಿಯೇ ಎರಡೂವರೆ ಕಿಲೋ ಹೋಗುವುದರಿಂದ ಬಟ್ಟೆಬರೆಗೆ ಉಳಿಯುವುದು ನಾಲ್ಕೂವರೆ ಕಿಲೋ ಮಾತ್ರ. ಮನೆಯಲ್ಲಿಯೇ ತೂಗಿ ನೋಡಿದವರಿಗೆ ಎಷ್ಟು ಬಟ್ಟೆ ಅನಾವಶ್ಯಕವೆಂದು ತಾನಾಗಿ ಅರಿವಾಗುತ್ತದೆ. ಹಗಲಿನಲ್ಲಿ ಈ ಚೀಲ ನಿಮ್ಮ ಕೈಗೆ ಸಿಗುವುದಿಲ್ಲ, ಪೋರ್ಟರ್‌ಗಳು ನಿಮಗಿಂತ ಬಹಳ ಮುಂದೆ ಇರುತ್ತಾರೆ. ಆದ್ದರಿಂದ ಮಳೆಯಂಗಿ, ಒಂದು ಬೆಚ್ಚನೆಯ ಅಂಗಿ, ಎರಡು ಲೀಟರ್ ನೀರು, ಟೋಪಿ, ಬಿಸಿಲಿನ ಲೇಪ, ಸೊಳ್ಳೆ ನಿವಾರಕ, ಔಷಧಿ, ಟಾಯ್ಲೆಟ್ ಕಾಗದ, ಪಾಸ್‌ಪೋರ್ಟ್, ನಗದು ಇವೆಲ್ಲ ನಿಮ್ಮ ಬೆನ್ನಿನ ಚಿಕ್ಕ ಚೀಲದಲ್ಲಿರಬೇಕು. ತಲೆಗೆ ಕಟ್ಟುವ ಟಾರ್ಚ್ ಇಲ್ಲದೆ ನಾಲ್ಕನೆಯ ದಿನ ಹೊರಡಲಾಗದು. ಊರುಗೋಲುಗಳ ತುದಿಗೆ ರಬ್ಬರ್ ಟೊಪ್ಪಿಗೆ ಇರಲೇಬೇಕು, ಬರಿಯ ಲೋಹದ ಮೊನೆ ಕಲ್ಲುಹಾಸನ್ನು ಕೆಡಿಸುವುದರಿಂದ ಅದಕ್ಕೆ ಅನುಮತಿಯಿಲ್ಲ. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಬಾಟಲಿಗಳನ್ನು ಒಯ್ಯುವಂತಿಲ್ಲ. ಡ್ರೋನ್‌ಗೂ ನಿಷೇಧವಿದೆ.

ಪೆರುವಿನ ಹಣ ಸೋಲ್. ಹಾದಿಯಲ್ಲಿ ಎಟಿಎಂ ಇಲ್ಲ, ಕಾರ್ಡ್ ನಡೆಯುವುದಿಲ್ಲ. ಕುಸ್ಕೊದಲ್ಲಿಯೇ ಚಿಕ್ಕ ನೋಟುಗಳನ್ನೂ ನಾಣ್ಯಗಳನ್ನೂ ತೆಗೆದಿಟ್ಟುಕೊಳ್ಳಬೇಕು. ಸಂಸ್ಥೆಗೆ ಕೊಡುವ ಬಾಕಿ ಡಾಲರಿನಲ್ಲಿದ್ದರೆ ಹರಿದ, ಗೀಚಿದ, ಮಾಸಿದ ನೋಟುಗಳನ್ನು ಅಲ್ಲಿ ಯಾರೂ ಮುಟ್ಟುವುದಿಲ್ಲ. ಮೂರನೆಯ ಸಂಜೆ ಚಾರಣಿಗರು ಒಟ್ಟಾಗಿ ಹಣ ಕೂಡಿಸಿ ಪೋರ್ಟರ್‌ಗಳಿಗೂ ಅಡುಗೆಯವರಿಗೂ ಕೊಡುವ ರೂಢಿಯಿದೆ. ಮಾರನೆಯ ಬೆಳಿಗ್ಗೆ ಅವರು ಬೇರೆ ದಾರಿಯಲ್ಲಿ ಇಳಿದುಹೋಗುವುದರಿಂದ ಆಮೇಲೆ ಕೊಡೋಣವೆಂದರೆ ಆಗದು. ಸಾಧ್ಯವಾದರೆ ಪ್ರತಿಯೊಬ್ಬರ ಕೈಗೇ ನೇರವಾಗಿ ಕೊಡಿ.

ಹಾದಿಯ ನಾಲ್ಕು ದಿನಗಳು

ಮೊದಲ ದಿನ ಸುಮಾರು 2,700 ಮೀಟರಿನಿಂದ ಆರಂಭವಾಗಿ ವಯ್ಯಬಾಂಬದ ಸುತ್ತಮುತ್ತ ಸುಮಾರು 3,000 ಮೀಟರಿನಲ್ಲಿ ಮುಗಿಯುತ್ತದೆ. ಕೆಳಗೆ ಕಣಿವೆಯಲ್ಲಿ ಪಾಟಯಾಕ್ಟದ ಅರ್ಧಚಂದ್ರಾಕಾರದ ಜಗಲಿಹೊಲಗಳು ಕಾಣುತ್ತವೆ. ದಿನ ಸುಲಭವಾಗಿದೆಯೆಂದು ವೇಗವಾಗಿ ನಡೆದು ಕಾಲನ್ನು ದಣಿಸಿಕೊಳ್ಳಬಾರದು.

ಎರಡನೆಯ ದಿನ ಸುಮಾರು 1,200 ಮೀಟರ್ ಏರು. ವಾರ್ಮಿವನ್ಯುಸ್ಕ ಎಂಬ ಘಟ್ಟದ ನೆತ್ತಿಯವರೆಗೆ ದಾರಿ ಬಿಡುವಿಲ್ಲದೆ ಮೇಲೇರುತ್ತದೆ. ಕೇಚುವ ಭಾಷೆಯಲ್ಲಿ ಆ ಹೆಸರಿಗೆ ‘ಸತ್ತ ಹೆಂಗಸು’ ಎಂದರ್ಥ. ಕಣಿವೆಯಿಂದ ನೋಡಿದರೆ ಆ ಬೆಟ್ಟಸಾಲು ಅಂಗಾತ ಮಲಗಿದ ಹೆಂಗಸಿನಂತೆ ಕಾಣುವುದು ಅದಕ್ಕೆ ಕಾರಣವೆಂದು ಹೇಳುತ್ತಾರೆ, ಹೆದರುವಂತಹ ಕಥೆಯೇನೂ ಇಲ್ಲ. ಇಲ್ಲಿ ಉಪಯೋಗಕ್ಕೆ ಬರುವುದು ಒಂದೇ ಉಪಾಯ: ಮಾತನಾಡಲು ಆಗುವಷ್ಟು ನಿಧಾನವಾಗಿ, ಆದರೆ ನಿಲ್ಲದೆ ನಡೆಯುವುದು. ಇಪ್ಪತ್ತು ಹೆಜ್ಜೆ ಓಡಿ ಐದು ನಿಮಿಷ ಕೂರುವವರು ಬೇಗ ಸೋಲುತ್ತಾರೆ. ನೆತ್ತಿಯ ಮೇಲೆ ಗಾಳಿ ಚುಚ್ಚುವಂತಿರುವುದರಿಂದ ಬೆವರಿದ ಮೈಗೆ ಬೆಚ್ಚನೆಯ ಅಂಗಿ ಹಾಕಿಕೊಂಡು, ಚಿತ್ರ ತೆಗೆದು, ಬೇಗ ಇಳಿಯಲಾರಂಭಿಸಬೇಕು. ಸುಮಾರು 600 ಮೀಟರ್ ಕೆಳಗೆ ಪಕಾಯ್ಮಾಯೊ ಬಿಡಾರ. ಮೂರು ರಾತ್ರಿಗಳಲ್ಲಿ ಅತಿ ಹೆಚ್ಚು ಚಳಿ ಇಲ್ಲಿಯೇ.

ಮೂರನೆಯ ದಿನ ದೂರ ಅತಿ ಹೆಚ್ಚು, ಸುಮಾರು 15-16 ಕಿಲೋಮೀಟರ್. ನೋಡುವುದೂ ಅಂದೇ ಹೆಚ್ಚು. ಮೊದಲಿಗೆ ವರ್ತುಲಾಕಾರದ ರುಂಕುರಕಾಯ್ ಕಟ್ಟಡ, ಬಳಿಕ ಅದೇ ಹೆಸರಿನ ಘಟ್ಟ, ಅದರಾಚೆ ಮೂರು ಕಡೆ ಪ್ರಪಾತವಿರುವ ಬಂಡೆಯ ಮೂಗಿನ ಮೇಲೆ ಕಟ್ಟಿದ ಸಯಾಕ್‌ಮಾರ್ಕ. ಅಲ್ಲಿಗೆ ಹೋಗಲು ಹಾದಿಯಿಂದ ಪಕ್ಕಕ್ಕೆ ಕಡಿದಾದ ಮೆಟ್ಟಿಲು ಹತ್ತಬೇಕು. ದಣಿದವರು ಬಿಟ್ಟುಬಿಡುತ್ತಾರೆ, ಬಿಡಬಾರದು. ಇಲ್ಲಿಂದ ಮುಂದೆ ಹಾದಿಯ ಕಲ್ಲುಹಾಸಿನ ಬಹುಭಾಗ ಇಂಕಾಗಳ ಕಾಲದ್ದೇ. ಆರ್ಕಿಡ್ ಹೂಗಳಿರುವ ಮೋಡಗಾಡಿನ ನಡುವೆ, ಬಂಡೆಯನ್ನು ಕೊರೆದ ಸುರಂಗವೊಂದರ ಮೂಲಕ ಅದು ಹಾಯುತ್ತದೆ. ‘ಮೋಡಗಳ ಮೇಲಿನ ಊರು’ ಎಂಬ ಹೆಸರಿನ ಫುಯುಪಟಮಾರ್ಕದಿಂದ ಆರಂಭವಾಗುವ ಸುಮಾರು 1,000 ಮೀಟರ್‌ಗಳ ಮೆಟ್ಟಿಲಿಳಿತದಲ್ಲಿ ಊರುಗೋಲುಗಳ ಬೆಲೆ ತಿಳಿಯುತ್ತದೆ. ಸಂಜೆಯ ಬಿಡಾರದ ಹತ್ತಿರವೇ ವಿನ್ಯಾಯ್ ವೈನಾ ಇದೆ. ಬೆಟ್ಟದ ಬಾಗಿಗೆ ತಕ್ಕಂತೆ ಬಾಗಿದ ಜಗಲಿಹೊಲಗಳು, ಒಂದರ ಕೆಳಗೊಂದು ಸಾಲಾಗಿ ಇನ್ನೂ ನೀರು ಹರಿಯುವ ಕಲ್ಲಿನ ಕುಂಡಗಳು. ಬೆಳಕಿರುವಾಗಲೇ ಬಿಡಾರ ತಲುಪುವಂತೆ ಮಾರ್ಗದರ್ಶಕರೊಂದಿಗೆ ಮೊದಲೇ ಮಾತಾಡಿಕೊಂಡರೆ ಇಲ್ಲಿ ಒಂದು ಗಂಟೆ ಕೂರಬಹುದು. ಮಚು ಪಿಚುವಿನ ಗದ್ದಲದಲ್ಲಿ ಸಿಗದ ನಿಶ್ಶಬ್ದ ಇಲ್ಲಿ ಸಿಗುತ್ತದೆ, ನಾನು ಈ ಹಾದಿಯನ್ನು ಶಿಫಾರಸು ಮಾಡುವುದಕ್ಕೆ ದೊಡ್ಡ ಕಾರಣವೇ ಈ ಸ್ಥಳ.

ನಾಲ್ಕನೆಯ ದಿನ ಮೂರೂವರೆಯ ಹೊತ್ತಿಗೆ ಎಬ್ಬಿಸುತ್ತಾರೆ, ತಪಾಸಣೆಯ ಬಾಗಿಲು ಐದೂವರೆಗೆ ತೆರೆಯುತ್ತದೆ. ಅಲ್ಲಿಂದ ಸೂರ್ಯದ್ವಾರಕ್ಕೆ ಒಂದು ಗಂಟೆಗಿಂತ ಸ್ವಲ್ಪ ಹೆಚ್ಚು. ಕಿರಿದಾದ ದಾರಿಯಲ್ಲಿ ಮುಂದಿನವರನ್ನು ತಳ್ಳಿಕೊಂಡು ಓಡುವವರು ಇರುತ್ತಾರೆ. ಅವರಿಗೆ ಬೆಟ್ಟದ ಕಡೆಯಲ್ಲಿ ಒತ್ತಿ ನಿಂತು ದಾರಿ ಬಿಡಿ, ಕಮರಿಯ ಕಡೆ ಎಂದಿಗೂ ನಿಲ್ಲಬೇಡಿ. ಮಂಜು ಮುಸುಕಿದ್ದರೆ ಸೂರ್ಯದ್ವಾರದಿಂದ ಏನೂ ಕಾಣದಿರಬಹುದು, ಕೆಳಗಿಳಿಯುವ ಮುಕ್ಕಾಲು ಗಂಟೆಯಲ್ಲಿ ಅದು ಹಲವು ಸಲ ಕರಗಿರುತ್ತದೆ.

ಮಚು ಪಿಚುವಿನಲ್ಲಿ, ಅಲ್ಲಿಂದ ಮುಂದೆ

ಹದಿನೈದನೆಯ ಶತಮಾನದ ನಡುಭಾಗದಲ್ಲಿ ಇಂಕಾ ದೊರೆ ಪಚಾಕುಟಿಯ ಕಾಲದಲ್ಲಿ ಕಟ್ಟಿಸಿದ್ದೆಂದು ವಿದ್ವಾಂಸರು ಹೇಳುವ ಈ ನಿವೇಶನ ಸುಮಾರು ನೂರು ವರ್ಷಗಳಲ್ಲಿ ಪಾಳುಬಿತ್ತು. 1911ರಲ್ಲಿ ಅಮೆರಿಕದ ಅನ್ವೇಷಕ ಹಿರಾಮ್ ಬಿಂಗಮ್ ಅದನ್ನು ಹೊರಜಗತ್ತಿಗೆ ಪರಿಚಯಿಸಿದರು. ಸ್ಥಳೀಯ ರೈತರಿಗೆ ಅದು ಗೊತ್ತೇ ಇತ್ತು, ಬಿಂಗಮ್ ಅವರನ್ನು ಕರೆದೊಯ್ದು ತೋರಿಸಿದವರೂ ಆ ರೈತರೇ. 1983ರಲ್ಲಿ ಮಚು ಪಿಚು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. 2024ರಿಂದ ಒಳಗೆ ಮೂರು ಸುತ್ತುದಾರಿಗಳ ಪದ್ಧತಿಯಿದ್ದು, ಟಿಕೆಟ್ಟಿನಲ್ಲಿ ಬರೆದಿರುವ ದಾರಿಯಲ್ಲಿ ಮಾತ್ರ ನಡೆಯಬಹುದು. ನಿಮ್ಮ ಚಾರಣದ ಪರವಾನಗಿಯಲ್ಲಿ ಯಾವ ದಾರಿ ಸೇರಿದೆ, ಕಟ್ಟಡಗಳ ನಡುವೆ ಹೋಗಲು ಅದರಿಂದ ಆಗುತ್ತದೆಯೇ ಎಂಬುದನ್ನು ಹಣ ಕಟ್ಟುವಾಗಲೇ ಸಂಸ್ಥೆಯಿಂದ ಬರೆಸಿಕೊಳ್ಳಿ. ಹಿಂದೆ ಕಾಣುವ ಚೂಪಾದ ವೈನಾ ಪಿಚು ಬೆಟ್ಟಕ್ಕೆ ಬೇರೆಯೇ ಟಿಕೆಟ್ ಬೇಕು. ನಾಲ್ಕು ದಿನ ನಡೆದ ಕಾಲುಗಳಿಗೆ ಅದೇ ದಿನ ಅದನ್ನು ಹತ್ತಿಸುವುದು ವಿವೇಕವಲ್ಲ. ದೊಡ್ಡ ಚೀಲಗಳನ್ನು ದ್ವಾರದ ಬಳಿಯ ಕೊಠಡಿಯಲ್ಲಿ ಇರಿಸಬೇಕು, ಶೌಚಾಲಯವೂ ದ್ವಾರದ ಹೊರಗೇ ಇರುವುದರಿಂದ ಅದನ್ನು ಮೊದಲು ಮುಗಿಸಿಕೊಂಡು ಒಳಹೋಗಬೇಕು.

ನೋಡಿ ಮುಗಿದ ಮೇಲೆ ಬಸ್ಸಿನಲ್ಲಿ ಅರ್ಧ ಗಂಟೆ ಇಳಿದರೆ ಆಗ್ವಾಸ್ ಕಾಲಿಯೆಂಟೆಸ್ ಎಂಬ ಊರು, ಅಲ್ಲಿಂದ ಓಯಾಂಟೈಟಾಂಬೊಗೆ ಸುಮಾರು ಎರಡು ಗಂಟೆ ರೈಲು, ಮುಂದೆ ರಸ್ತೆಯಲ್ಲಿ ಕುಸ್ಕೊ. ಹೆಚ್ಚಿನ ಸಂಸ್ಥೆಗಳು ಅದೇ ಸಂಜೆಯ ರೈಲನ್ನು ಕಾದಿರಿಸುತ್ತವೆ. ಸ್ವಲ್ಪ ಹೆಚ್ಚು ಹಣ ತೆತ್ತು ಆ ರಾತ್ರಿ ಕೆಳಗಿನ ಊರಿನಲ್ಲಿಯೇ ಮಲಗಿ ಮಾರನೆಯ ದಿನ ಹೊರಟರೆ ಮಚು ಪಿಚುವಿನಲ್ಲಿ ಗಡಿಯಾರ ನೋಡುವ ಅಗತ್ಯವಿರುವುದಿಲ್ಲ. ರೈಲಿನಲ್ಲಿ ಸಾಮಾನಿನ ಮಿತಿಯಿದೆ, ಸೂಟ್‌ಕೇಸುಗಳನ್ನು ಕುಸ್ಕೊದ ಹೋಟೆಲಿನಲ್ಲಿಯೇ ಬಿಟ್ಟಿರಬೇಕು.

ಕುಸ್ಕೊಗೆ ಮರಳಿದ ದಿನಕ್ಕೂ ಊರಿಗೆ ಹಾರುವ ವಿಮಾನಕ್ಕೂ ನಡುವೆ ಕನಿಷ್ಠ ಎರಡು ಖಾಲಿ ದಿನಗಳಿರಲಿ. ಈ ಕಣಿವೆಯಿಂದ ಹೊರಬರಲು ಇರುವುದು ಒಂದು ರೈಲುಮಾರ್ಗ. 2010ರ ಜನವರಿಯ ಮಳೆಗೆ ಅದು ಕುಸಿದಾಗ ಸಾವಿರಾರು ಪ್ರವಾಸಿಗರನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. 2023ರ ಜನವರಿಯಲ್ಲಿ ರಾಜಕೀಯ ಪ್ರತಿಭಟನೆಗಳಿಂದಾಗಿ ಹಾದಿಯನ್ನೂ ಮಚು ಪಿಚುವನ್ನೂ ಕೆಲವು ವಾರ ಮುಚ್ಚಲಾಗಿತ್ತು. ಏನೂ ಅಡ್ಡಿಯಾಗದಿದ್ದರೆ ಆ ಎರಡು ದಿನಗಳನ್ನು ಮಂಡಿಗಳಿಗೆ ಬಿಟ್ಟುಕೊಡಬಹುದು, ಅವು ಅಷ್ಟರಲ್ಲಿ ಕೇಳಿಯೇ ಕೇಳುತ್ತವೆ.